ರೂಮ್‌ಮೇಟ್ ಯಾರು ಸಿಗ್ತಾರೋ? ಸಹವಾಸ ನಮ್ಮನ್ನು ಬದಲಿಸುವುದು ಹೇಗೆ

ಜೂನ್ ಬಂತೆಂದರೆ ಹಾಸ್ಟೆಲ್ ಗೇಟಿನ ಮುಂದೆ ಅದೇ ನೋಟ. ಟ್ರಂಕು, ಸುತ್ತಿ ಕಟ್ಟಿದ ಹಾಸಿಗೆ, ಬಕೆಟ್ಟು, ಅದರೊಳಗೊಂದು ಮಗ್ಗು. ಕಳೆದ ವರ್ಷ ಅಕ್ಕನ ಮಗನನ್ನು ಪಿಯುಸಿಗೆ ಸೇರಿಸಲು ನಾನೂ ಹೋಗಿದ್ದೆ. ರೂಮಿನಲ್ಲಿ ಮೂರು ಮಂಚ. ಎರಡರ ಮೇಲೆ ಆಗಲೇ ಹುಡುಗರು ಕೂತಿದ್ದರು. ಅಕ್ಕ ಹಾಸಿಗೆ ಹಾಸಿದಳು, ಸೊಳ್ಳೆಪರದೆ ಕಟ್ಟಿದಳು. ಕೊನೆಗೆ ಚೀಲದಿಂದ ಚಕ್ಲಿ ಡಬ್ಬ ತೆಗೆದಳು. ಅದನ್ನು ಮಗನ ಕೈಗೆ ಕೊಡಲಿಲ್ಲ. ಪಕ್ಕದ ಮಂಚದ ಹುಡುಗನ ಕೈಗಿಟ್ಟು, "ಯಾವೂರಪ್ಪ ನಿಂದು? ಮೂರೂ ಜನ ಹಂಚ್ಕೊಂಡು ತಿನ್ನಿ" ಅಂದಳು.

ಮೆಟ್ಟಿಲಿಳಿಯುವಾಗ ನನ್ನ ಕೈ ಹಿಡಿದುಕೊಂಡು ಕೇಳಿದಳು: "ಹುಡುಗ್ರು ಹೇಗಿದಾರೆ ಅನ್ನಿಸ್ತೋ? ಮಾರ್ಕ್ಸ್ ಹೇಗೋ ಬರುತ್ತೆ. ಸಹವಾಸ ಒಂದು ಚೆನ್ನಾಗಿದ್ರೆ ಸಾಕು."

ಈ ಭಯ ಅಕ್ಕನೊಬ್ಬಳದೇ ಅಲ್ಲ. ಮಗ ಹಾಸ್ಟೆಲಿಗೆ ಹೊರಟರೂ, ಮಗಳು ಬೆಂಗಳೂರಿನ ಪಿಜಿಗೆ ಹೊರಟರೂ ಎಲ್ಲರ ಮನೆಯಲ್ಲೂ ಇದೇ ಮಾತು. ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ ಅನ್ನುತ್ತೇವೆ. ಹೂವಿನ ಜೊತೆ ನಾರೂ ಸ್ವರ್ಗ ಸೇರಿತು ಅಂತಲೂ ಅನ್ನುತ್ತೇವೆ. ಆದರೆ ಇದು ನಡೆಯುವುದು ಹೇಗೆ? ಜೊತೆಗಿರುವವರ ಗುಣ ನಿಜಕ್ಕೂ ಅಂಟುತ್ತಾ? ಎಷ್ಟು ಅಂಟುತ್ತೆ, ಯಾವುದು ಅಂಟಲ್ಲ? ಇದನ್ನು ಕೂತು ಅಳೆದು ನೋಡಿದವರು ಬೇಕಾದಷ್ಟು ಜನ ಇದ್ದಾರೆ. ಅಕ್ಕನಿಗೆ ಅವತ್ತು ನಾನು ಉತ್ತರ ಕೊಡಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬುಡದಿಂದ ಹೇಳುತ್ತೇನೆ.

## ಶುರುವಾಗುವುದು ಪಕ್ಕದ ಬಾಗಿಲಿನಿಂದ

ಪದದಲ್ಲೇ ಅರ್ಧ ಉತ್ತರ ಇದೆ. ಸಹ ಅಂದರೆ ಜೊತೆ. ವಾಸ ಅಂದರೆ ಇರುವುದು. ಹಿರಿಯರು 'ಸ್ನೇಹ ದೋಷ' ಅನ್ನಲಿಲ್ಲ, 'ಸಹವಾಸ ದೋಷ' ಅಂದರು. ಇಷ್ಟಪಟ್ಟು ಮಾಡಿಕೊಂಡ ಗೆಳೆಯರಷ್ಟೇ ಸಹವಾಸ ಅಲ್ಲ. ದಿನಾ ಒಟ್ಟಿಗೆ ಊಟಕ್ಕೆ ಕೂರುವವರು, ಒಂದೇ ಬಸ್ಸಿಗೆ ಕಾಯುವವರು, ಆಫೀಸಿನಲ್ಲಿ ಪಕ್ಕದ ಕುರ್ಚಿಯವರು, ಎಲ್ಲರೂ ಸೇರುತ್ತಾರೆ.

ಇಷ್ಟಕ್ಕೂ ಗೆಳೆಯರನ್ನು ನಾವೇ ಆರಿಸಿಕೊಳ್ಳುತ್ತೇವೆ ಅನ್ನುವುದೂ ಪೂರ್ತಿ ನಿಜ ಅಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮದುವೆಯಾದ ವಿದ್ಯಾರ್ಥಿಗಳಿಗೆ ಮನೆಗಳನ್ನು ಕಟ್ಟಿಸಿದ್ದರು. ಬಂದವರು ಒಬ್ಬರಿಗೊಬ್ಬರು ಅಪರಿಚಿತರು. ಯಾವ ಮನೆ ಸಿಗುತ್ತದೆ ಅನ್ನುವುದು ಅವರ ಕೈಯಲ್ಲಿ ಇರಲಿಲ್ಲ. ಲಿಯಾನ್ ಫೆಸ್ಟಿಂಗರ್ ಮತ್ತು ಜೊತೆಗಾರರು ಅಲ್ಲಿ ಯಾರು ಯಾರಿಗೆ ಗೆಳೆಯರಾದರು ಎಂದು ಕೇಳಿ ಬರೆದುಕೊಂಡರು. 1950ರಲ್ಲಿ ಅದು ಪ್ರಕಟವಾಯಿತು. ಒಂದೇ ಮಹಡಿಯಲ್ಲಿ ಪಕ್ಕದ ಮನೆಯವರನ್ನು ಆಪ್ತರು ಎಂದು ಹೆಸರಿಸಿದ ಪ್ರಮಾಣ ಶೇ. 41. ಅದೇ ಮಹಡಿಯ ಆ ತುದಿಯ ಮನೆಯವರಾದರೆ ಶೇ. 10. ನಡುವೆ ಇದ್ದದ್ದು ಒಂದು ಕಾರಿಡಾರಿನ ದೂರ, ಅಷ್ಟೇ. ಮೆಟ್ಟಿಲ ಪಕ್ಕದ ಮನೆಯವರಿಗೆ ಮೇಲಿನ ಮಹಡಿಯವರ ಸ್ನೇಹವೂ ಜಾಸ್ತಿ. ನಮ್ಮ ವಠಾರಗಳಲ್ಲಿ ನಲ್ಲಿಯ ಪಕ್ಕದ ಮನೆಯವರಿಗೆ ಎಲ್ಲರ ಸುದ್ದಿಯೂ ಗೊತ್ತಿರುತ್ತಿತ್ತಲ್ಲ, ಹಾಗೆ.

## ಒಂದೇ ಥರ ಇದ್ದಾರೆ, ಸರಿ. ಯಾಕೆ?

ಇಡೀ ವಿಷಯದ ಗಂಟು ಇರುವುದು ಇಲ್ಲಿ. ಕಾಲೇಜಿನ ಹಿಂದೆ ಮೂವರು ಹುಡುಗರು ನಿಂತು ಸಿಗರೇಟು ಸೇದುತ್ತಿದ್ದಾರೆ ಅಂದುಕೊಳ್ಳಿ. ನೋಡಿದ ತಕ್ಷಣ "ಒಬ್ಬ ಇನ್ನಿಬ್ಬರನ್ನ ಹಾಳು ಮಾಡಿದ" ಅಂತ ಅನ್ನಿಸುತ್ತದೆ. ಇರಬಹುದು. ಆದರೆ ಇನ್ನೂ ಎರಡು ದಾರಿ ಇವೆ.

ಒಂದು, ಮೂವರೂ ಮೊದಲೇ ಸೇದುತ್ತಿದ್ದರು. ಅದಕ್ಕೇ ಒಬ್ಬರನ್ನೊಬ್ಬರು ಹುಡುಕಿಕೊಂಡರು. ತನ್ನ ಥರದವರ ಜೊತೆ ಸೇರುವುದು ಮನುಷ್ಯರ ಸಹಜ ಗುಣ. ಇನ್ನೊಂದು, ಕಾಲೇಜಿನ ಎದುರೇ ಒಂದು ಅಂಗಡಿ ಇದೆ, ಬಿಡಿ ಸಿಗರೇಟು ಮಾರುತ್ತಾನೆ, ಕೇಳುವವರಿಲ್ಲ. ಮೂವರನ್ನೂ ಸೆಳೆದದ್ದು ಅಂಗಡಿ. ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಕೊಡೆ ಬಿಚ್ಚಿದರೆ ಒಬ್ಬರನ್ನು ನೋಡಿ ಒಬ್ಬರು ಬಿಚ್ಚಿದರು ಅನ್ನುತ್ತೇವಾ? ಮಳೆ ಬಂತು ಅನ್ನುತ್ತೇವೆ.

ಹಾಗಾಗಿ ಗೆಳೆಯರು ಒಂದೇ ಥರ ಇರುವುದಕ್ಕೆ ಮೂರು ಕಾರಣ ಇರಬಹುದು: ಅಂಟಿದ್ದು, ಆರಿಸಿಕೊಂಡದ್ದು, ಇಬ್ಬರ ಮೇಲೂ ಒಂದೇ ಮಳೆ ಬಿದ್ದದ್ದು. ಇವನ್ನು ಬೇರ್ಪಡಿಸುವುದು ತುಂಬಾ ಕಷ್ಟ.

ಎಷ್ಟು ಕಷ್ಟ ಅನ್ನುವುದಕ್ಕೆ ಒಂದು ಕಥೆ ಇದೆ. 2007ರಲ್ಲಿ ನಿಕೋಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ಹೃದಯ ಅಧ್ಯಯನದ ದಾಖಲೆಗಳನ್ನು ತೆಗೆದರು. 12,067 ಜನ, 32 ವರ್ಷಗಳ ಲೆಕ್ಕ. ಗೆಳೆಯನಿಗೆ ಬೊಜ್ಜು ಬಂದರೆ ನಮಗೂ ಬರುವ ಸಾಧ್ಯತೆ ಶೇ. 57ರಷ್ಟು ಹೆಚ್ಚಾಗುತ್ತದೆ ಎಂದು ಬರೆದರು. ಪ್ರಪಂಚದಾದ್ಯಂತ ಸುದ್ದಿಯಾಯಿತು. ಮರುವರ್ಷ ಬೇರೆ ಇಬ್ಬರು ಸಂಶೋಧಕರು ಹದಿಹರೆಯದವರ ಮಾಹಿತಿ ಇಟ್ಟುಕೊಂಡು ಅದೇ ರೀತಿಯ ಲೆಕ್ಕ ಮಾಡಿದರು. ಅವರ ಲೆಕ್ಕದಲ್ಲಿ ಮೊಡವೆ, ತಲೆನೋವು, ಕೊನೆಗೆ ಎತ್ತರ ಕೂಡ ಗೆಳೆಯರಿಂದ ಹರಡುವಂತೆ ಕಂಡಿತು! ಗೆಳೆಯ ಉದ್ದವಾದರೆ ನಾವು ಉದ್ದವಾಗುತ್ತೇವಾ? ಅಂದರೆ ಆ ಲೆಕ್ಕಕ್ಕೆ 'ಅಂಟಿದ್ದು' ಯಾವುದು, 'ಆರಿಸಿಕೊಂಡದ್ದು' ಯಾವುದು ಅಂತ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಬೊಜ್ಜಿನ ವಿಷಯದಲ್ಲಿ ಗೆಳೆಯರ ಪಾಲೇ ಇಲ್ಲ ಎಂದಲ್ಲ. ಎಷ್ಟು ಅನ್ನುವುದು ಮಾತ್ರ ಇವತ್ತಿಗೂ ಚರ್ಚೆಯಲ್ಲಿದೆ.

ಅದಕ್ಕೂ ಮುಂಚೆ 1978ರಲ್ಲಿ ಡೆನಿಸ್ ಕ್ಯಾಂಡೆಲ್ ನ್ಯೂಯಾರ್ಕ್ ರಾಜ್ಯದ ಹೈಸ್ಕೂಲು ಗೆಳೆಯರ ಜೋಡಿಗಳನ್ನು ಒಂದು ಶಾಲಾ ವರ್ಷದುದ್ದಕ್ಕೂ ಗಮನಿಸಿದ್ದರು. ಯಾರು ಹೊಸದಾಗಿ ಗೆಳೆಯರಾದರು, ಯಾರು ದೂರವಾದರು, ಯಾರು ಜೊತೆಗಿದ್ದೇ ಬದಲಾದರು ಎಂದು ನೋಡಿದರು. ಆಯ್ಕೆ, ಪ್ರಭಾವ ಎರಡರ ಪಾಲೂ ಹೆಚ್ಚುಕಡಿಮೆ ಸಮ ಎಂದು ಕಂಡಿತು. ಮಗನ ಗೆಳೆಯನನ್ನು ಬೈಯುವ ಮುಂಚೆ ಈ ಅರ್ಧ ಲೆಕ್ಕವನ್ನು ನೆನಪಿಟ್ಟುಕೊಳ್ಳುವುದು ನ್ಯಾಯ ಅಂತ ನನಗನ್ನಿಸುತ್ತದೆ. ಆ ಹುಡುಗನ ಮನೆಯಲ್ಲೂ ಯಾರೋ ನಮ್ಮ ಹುಡುಗನನ್ನೇ ಬೈಯುತ್ತಿರುತ್ತಾರೆ.

## ಚೀಟಿ ಎತ್ತಿ ಕೊಟ್ಟ ರೂಮು

ಆಯ್ಕೆಯನ್ನು ಪಕ್ಕಕ್ಕಿಡಲು ಒಂದು ಒಳ್ಳೆಯ ಉಪಾಯ ಇದೆ. ಚೀಟಿ ಎತ್ತುವುದು. ರೂಮ್‌ಮೇಟ್ ಯಾರಾಗಬೇಕು ಎಂದು ಚೀಟಿಯೇ ಹೇಳಿದರೆ, ಆಮೇಲೆ ಬಂದ ಹೋಲಿಕೆ ಆರಿಸಿಕೊಂಡದ್ದು ಅನ್ನುವ ಹಾಗಿಲ್ಲ.

ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಹೆಚ್ಚುಕಡಿಮೆ ಹೀಗೇ ರೂಮು ಕೊಡುತ್ತಿದ್ದರು. ಅರ್ಥಶಾಸ್ತ್ರಜ್ಞ ಬ್ರೂಸ್ ಸ್ಯಾಸರ್ಡೋಟ್ 2001ರಲ್ಲಿ ಆ ದಾಖಲೆಗಳನ್ನು ನೋಡಿದರು. ರೂಮ್‌ಮೇಟ್ ಚೆನ್ನಾಗಿ ಓದಿದರೆ ಇವನ ಅಂಕಗಳೂ ಸ್ವಲ್ಪ ಏರುತ್ತಿದ್ದವು. ಯಾವ ವಿದ್ಯಾರ್ಥಿ ಸಂಘಕ್ಕೆ ಸೇರಬೇಕು ಅನ್ನುವುದರ ಮೇಲೂ ಪರಿಣಾಮ ಇತ್ತು. ಆದರೆ ಯಾವ ವಿಷಯ ಓದಬೇಕು ಅನ್ನುವ ನಿರ್ಧಾರದ ಮೇಲೆ ಪರಿಣಾಮ ಕಾಣಲಿಲ್ಲ. ಸಂಜೆ ಎಲ್ಲಿಗೆ ಹೋಗೋಣ, ಇವತ್ತು ಓದೋಣವಾ ಬೇಡವಾ, ಇಂಥದ್ದಕ್ಕೆ ಸಹವಾಸದ ಕೈ ತಲುಪುತ್ತದೆ. ಬದುಕಿನ ದೊಡ್ಡ ತೀರ್ಮಾನಕ್ಕೆ ಅಷ್ಟು ಸುಲಭವಾಗಿ ತಲುಪುವುದಿಲ್ಲ.

## ಅಂಟುವುದು ಯಾವ ದಾರಿಯಲ್ಲಿ?

ಮೊದಲನೆಯದು ಮೈಯ ದಾರಿ. 1999ರಲ್ಲಿ ತಾನ್ಯಾ ಚಾರ್ಟ್ರಾಂಡ್ ಮತ್ತು ಜಾನ್ ಬಾರ್ಗ್ ಒಂದು ಸರಳ ಪ್ರಯೋಗ ಮಾಡಿದರು. ಎದುರು ಕೂತ ಅಪರಿಚಿತ ಕಾಲು ಅಲ್ಲಾಡಿಸುತ್ತಿದ್ದರೆ, ಇವರೂ ಕಾಲು ಅಲ್ಲಾಡಿಸುವುದು ಜಾಸ್ತಿಯಾಗುತ್ತಿತ್ತು. ಆತ ಮುಖ ಉಜ್ಜಿಕೊಂಡರೆ ಇವರೂ ಮುಖ ಉಜ್ಜಿಕೊಳ್ಳುತ್ತಿದ್ದರು. ಹಾಗೆ ಮಾಡಿದ್ದು ಅವರಿಗೇ ಗೊತ್ತಿರಲಿಲ್ಲ.

ಮಾತಿಗೂ ಇದೇ ಆಗುತ್ತದೆ. ಅಕ್ಕನ ಮನೆ ಮಂಡ್ಯದಲ್ಲಿ. ಚಕ್ಲಿ ಡಬ್ಬ ಹಿಡಿದ ಹುಡುಗನದು ವಿಜಯಪುರ ಕಡೆ. ದಸರಾ ರಜಕ್ಕೆ ಬಂದ ಅಳಿಯ ಊಟಕ್ಕೆ ಕೂತಾಗ "ಇನ್ನೊಂದ್ ಸ್ವಲ್ಪ ಸಾರು ಹಾಕ್ರೀ" ಅಂದ. ಅಕ್ಕ ಸೌಟು ಹಿಡಿದುಕೊಂಡು ಹಾಗೇ ನಿಂತಳು. ಅವನಿಗೆ ತಾನು ಏನಂದೆ ಅಂತಲೇ ಗೊತ್ತಾಗಲಿಲ್ಲ.

ಎರಡನೆಯ ದಾರಿ ಇನ್ನೂ ಮುಖ್ಯ. 'ಇದು ಮಾಮೂಲು' ಅನ್ನುವ ಗೆರೆ ನಿಧಾನವಾಗಿ ಜರುಗುವುದು. ಮನೆಯಲ್ಲಿ ರಾತ್ರಿ ಹತ್ತಕ್ಕೆ ಮಲಗುತ್ತಿದ್ದ ಹುಡುಗನಿಗೆ ಹಾಸ್ಟೆಲಿನಲ್ಲಿ ಒಂದು ಗಂಟೆ ಮಾಮೂಲಾಗುತ್ತದೆ. ಯಾರೂ "ಮಲಗಬೇಡ" ಅನ್ನಲಿಲ್ಲ. ಲೈಟು ಉರಿಯುತ್ತಿತ್ತು, ಎಲ್ಲರೂ ಎದ್ದಿದ್ದರು. ಕೆಟ್ಟ ಗೆಳೆಯ ಬಂದು ಕೈ ಹಿಡಿದು ಎಳೆದ ಅನ್ನುವ ಚಿತ್ರ ನಮ್ಮ ತಲೆಯಲ್ಲಿರುತ್ತದೆ. ಎಳೆಯುವುದು ಕಡಿಮೆ. ಗೆರೆ ಜರುಗುವುದೇ ಜಾಸ್ತಿ.

ಮೂರನೆಯದು ನಗು. ನನ್ನನ್ನು ತುಂಬಾ ಕಾಡಿದ ಅಧ್ಯಯನ ಇದು. ಅಮೆರಿಕದ ಓರೆಗಾನ್ ರಾಜ್ಯದಲ್ಲಿ ಥಾಮಸ್ ಡಿಶಿಯನ್ ಮತ್ತು ತಂಡ ಹದಿಮೂರು ಹದಿನಾಲ್ಕರ ಹುಡುಗರನ್ನು ಅವರವರ ಗೆಳೆಯನ ಜೊತೆ ಒಂದು ಕೋಣೆಯಲ್ಲಿ ಕೂರಿಸಿ, 25 ನಿಮಿಷ ಮಾತಾಡಲು ಬಿಟ್ಟು, ವಿಡಿಯೋ ಮಾಡಿತು. ಆಮೇಲೆ ಒಂದೊಂದು ಮಾತನ್ನೂ ಗುರುತು ಹಾಕಿಕೊಂಡರು. ಕದ್ದದ್ದು, ಮೇಷ್ಟ್ರಿಗೆ ಕಾಟ ಕೊಟ್ಟದ್ದು, ನಿಯಮ ಮುರಿದದ್ದು, ಇಂಥ ಮಾತು ಬಂದಾಗ ಗೆಳೆಯ ಏನು ಮಾಡಿದ? ಸುಮ್ನೆ ಇದ್ದನಾ, ನಕ್ಕನಾ?

ಕೆಲವು ಜೋಡಿಗಳಲ್ಲಿ ಅಂಥ ಮಾತಿಗೆ ನಗು ಸಿಗುತ್ತಿರಲಿಲ್ಲ. ಮಾತು ಬೇರೆ ಕಡೆ ತಿರುಗುತ್ತಿತ್ತು. ಇನ್ನು ಕೆಲವು ಜೋಡಿಗಳಲ್ಲಿ ನಗು ಬರುತ್ತಿದ್ದದ್ದೇ ಅಂಥ ಮಾತಿಗೆ. ನಗು ಬಂದ ಕಡೆಗೇ ಮಾತು ಮತ್ತೆ ಹರಿಯುತ್ತಿತ್ತು. ಮುಂದಿನ ಎರಡು ವರ್ಷಗಳಲ್ಲಿ ಪುಂಡಾಟ ಹೆಚ್ಚಾದದ್ದು ಈ ಎರಡನೇ ಥರದ ಜೋಡಿಗಳಲ್ಲಿ. 1996ರಲ್ಲಿ ಇದು ಪ್ರಕಟವಾಯಿತು. ಒಬ್ಬರೂ ಬೋಧನೆ ಮಾಡಿರಲಿಲ್ಲ, ಒಬ್ಬರೂ ಬಲವಂತ ಮಾಡಿರಲಿಲ್ಲ. ಕಚಗುಳಿ ಇಟ್ಟ ಕಡೆ ಮಗು ಮತ್ತೆ ಮತ್ತೆ ಬರುತ್ತದಲ್ಲ, ಅಷ್ಟು ಸರಳ.

## ಗುಂಪಲ್ಲಿ ಗೋವಿಂದ

ಇದುವರೆಗೆ ಹೇಳಿದ್ದು ನಮಗೆ ಗೊತ್ತಿಲ್ಲದೆ ಆಗುವುದು. ಗೊತ್ತಿದ್ದೂ ಬಾಗುವುದು ಬೇರೆ. 1951ರಲ್ಲಿ ಸಾಲಮನ್ ಆಶ್ ಅದನ್ನು ಒಂದು ಕಾಗದದ ಗೆರೆಯಿಂದ ತೋರಿಸಿದರು.

ಏಳೆಂಟು ಜನ ಸಾಲಾಗಿ ಕೂತಿರುತ್ತಾರೆ. ಒಂದು ಗೆರೆ ತೋರಿಸಿ, ಮೂರು ಗೆರೆಗಳಲ್ಲಿ ಇದರಷ್ಟೇ ಉದ್ದ ಯಾವುದು ಎಂದು ಕೇಳುತ್ತಾರೆ. ಚಿಕ್ಕ ಮಗುವೂ ಹೇಳಬಹುದು. ಆದರೆ ಕೂತವರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಹೇಳಿಕೊಟ್ಟವರು. ಎಲ್ಲರೂ ಒಂದೇ ತಪ್ಪು ಉತ್ತರ ಕೊಡುತ್ತಾರೆ. ಕೊನೆಗೆ ಆ ಒಬ್ಬರ ಸರದಿ ಬರುತ್ತದೆ.

ಒಂಟಿಯಾಗಿ ಉತ್ತರಿಸಿದಾಗ ತಪ್ಪು ನೂರಕ್ಕೆ ಒಂದಕ್ಕಿಂತ ಕಡಿಮೆ. ಗುಂಪಿನ ನಡುವೆ ಸುಮಾರು ಮೂರರಲ್ಲಿ ಒಂದು ಉತ್ತರ ಗುಂಪಿನ ಕಡೆಗೆ ವಾಲಿತು. ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಬಾಗಿದರು. ಕಣ್ಣಿಗೆ ಕಾಣುವ ಗೆರೆಯ ವಿಷಯದಲ್ಲೇ ಹೀಗೆ!

ಇದನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನ ಭಾಗ ನನಗೆ ಹೆಚ್ಚು ಮುಖ್ಯ. ಆಶ್ ಆಮೇಲೆ ಆ ಸಾಲಿನಲ್ಲಿ ಸರಿ ಉತ್ತರ ಹೇಳುವ ಇನ್ನೊಬ್ಬನನ್ನು ಕೂರಿಸಿದರು. ಒಬ್ಬನನ್ನು, ಅಷ್ಟೇ. ಗುಂಪಿಗೆ ಬಾಗುವುದು ಕಾಲು ಭಾಗಕ್ಕೆ ಇಳಿಯಿತು. ನಾಲ್ವರಲ್ಲಿ ಒಬ್ಬರಂತೂ ಒಮ್ಮೆಯೂ ಬಾಗಿರಲಿಲ್ಲ ಅನ್ನುವುದನ್ನೂ ಮರೆಯಬಾರದು.

## ಹದಿನಾರಕ್ಕೆ ಯಾಕೆ ಜಾಸ್ತಿ?

ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ 306 ಜನರಿಗೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಕೊಟ್ಟರು. ಸಿಗ್ನಲ್ ಹಳದಿಯಾದ ಮೇಲೆ ಎಷ್ಟು ಮುಂದೆ ಹೋದರೆ ಅಷ್ಟು ಅಂಕ, ಗೋಡೆಗೆ ಗುದ್ದಿದರೆ ಎಲ್ಲ ಹೋಯಿತು. ಕೆಲವರು ಒಬ್ಬರೇ ಆಡಿದರು, ಕೆಲವರು ವಾರಿಗೆಯವರ ಎದುರು ಆಡಿದರು. ಜೊತೆಯವರು ನೋಡುತ್ತಿದ್ದಾಗ 13ರಿಂದ 16ರವರು ಅಪಾಯಕ್ಕೆ ಕೈ ಹಾಕಿದ್ದು ಹೆಚ್ಚುಕಡಿಮೆ ಎರಡು ಪಟ್ಟಾಯಿತು. 18ರಿಂದ 22ರವರಲ್ಲಿ ಒಂದೂವರೆ ಪಟ್ಟು. 24 ದಾಟಿದವರಲ್ಲಿ ವ್ಯತ್ಯಾಸವೇ ಇಲ್ಲ.

2011ರಲ್ಲಿ ಇಂಥದೇ ಆಟವನ್ನು ಮಿದುಳಿನ ಸ್ಕ್ಯಾನ್ ಮಾಡುತ್ತಾ ಆಡಿಸಿದರು. ಗೆಳೆಯರು ಪಕ್ಕದ ಕೋಣೆಯಲ್ಲಿ ನೋಡುತ್ತಿದ್ದಾರೆ ಎಂದು ಗೊತ್ತಾದರೆ ಸಾಕು, ಹದಿಹರೆಯದವರ ಮಿದುಳಿನಲ್ಲಿ ಬಹುಮಾನದ ಆಸೆಗೆ ಓಗೊಡುವ ಭಾಗ ಹೆಚ್ಚು ಚುರುಕಾಗುತ್ತಿತ್ತು. ದೊಡ್ಡವರಲ್ಲಿ ಹಾಗಾಗಲಿಲ್ಲ. ಅಪಾಯ ಅಂತ ಆ ವಯಸ್ಸಿನವರಿಗೆ ಗೊತ್ತಿಲ್ಲ ಅಂತಲ್ಲ. ಗೆಳೆಯರ ಕಣ್ಣು ಬಿದ್ದಾಗ ಸಿಗುವ ಖುಷಿ ಆ ಹೊತ್ತಿಗೆ ದೊಡ್ಡದಾಗುತ್ತದೆ. ಒಬ್ಬನೇ ಹೋಗುವಾಗ ನಿಧಾನವಾಗಿ ಬೈಕ್ ಓಡಿಸುವ ಹುಡುಗ ಹಿಂದೆ ಇಬ್ಬರು ಕೂತಾಗ ಯಾಕೆ ಬೇರೆಯಾಗುತ್ತಾನೆ ಅನ್ನುವುದು ಇದರಿಂದ ಅರ್ಥವಾಗುತ್ತದೆ.

## ಒಳ್ಳೆಯದಕ್ಕೂ ಇದೇ ದಾರಿ

ನಾರು ಸ್ವರ್ಗ ಸೇರಿದ ಕಥೆಗೂ ಸಾಕ್ಷಿ ಇದೆ, ಅದೂ ನಮ್ಮ ದೇಶದ್ದೇ. ಅಹಮದಾಬಾದಿನಲ್ಲಿ ಹೆಂಗಸರಿಗಾಗಿಯೇ ಇರುವ 'ಸೇವಾ' ಎಂಬ ಬ್ಯಾಂಕಿನಲ್ಲಿ ಖಾತೆ ಇದ್ದ ಹೆಂಗಸರಿಗೆ ಸಣ್ಣ ವ್ಯಾಪಾರದ ಬಗ್ಗೆ ಎರಡು ದಿನದ ತರಬೇತಿ ಕೊಟ್ಟರು. ಚೀಟಿ ಎತ್ತಿದಂತೆ ಕೆಲವರನ್ನು ಒಬ್ಬರೇ ಬರಲು ಹೇಳಿದರು. ಕೆಲವರಿಗೆ "ಒಬ್ಬ ಗೆಳತಿಯನ್ನೂ ಕರ್ಕೊಂಡು ಬನ್ನಿ" ಅಂದರು. ಪಾಠ ಒಂದೇ. ನಾಲ್ಕು ತಿಂಗಳ ನಂತರ ನೋಡಿದರೆ, ಗೆಳತಿಯ ಜೊತೆ ಬಂದವರು ವ್ಯಾಪಾರಕ್ಕೆ ಸಾಲ ತೆಗೆದಿದ್ದರು, ಮನೆಯ ಆದಾಯವೂ ಏರಿತ್ತು. ಒಬ್ಬರೇ ಬಂದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಹೆಣ್ಣುಮಕ್ಕಳು ಹೊರಗೆ ಹೋಗುವುದಕ್ಕೇ ಕಟ್ಟುಪಾಡು ಜಾಸ್ತಿ ಇರುವ ಸಮುದಾಯಗಳಲ್ಲಿ ಗೆಳತಿಯ ಬಲ ಇನ್ನೂ ಹೆಚ್ಚಿತ್ತು. ನಮ್ಮ ಹಳ್ಳಿಗಳ ಸ್ತ್ರೀಶಕ್ತಿ ಸಂಘಗಳಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ದೆಹಲಿಯದು. 2007ರಿಂದ ಅಲ್ಲಿನ ಕೆಲವು ಶ್ರೀಮಂತ ಖಾಸಗಿ ಶಾಲೆಗಳು ಬಡ ಮಕ್ಕಳಿಗೂ ಸೀಟು ಕೊಡಬೇಕಾಯಿತು. ಅರ್ಥಶಾಸ್ತ್ರಜ್ಞ ಗೌತಮ್ ರಾವ್ ಆ ತರಗತಿಗಳನ್ನು ನೋಡಿದರು. ಕೆಲವು ಶಾಲೆಗಳಲ್ಲಿ ಓದುವ ಗುಂಪುಗಳನ್ನು ಹೆಸರಿನ ಅಕ್ಷರ ಕ್ರಮದಲ್ಲಿ ಮಾಡುತ್ತಿದ್ದರು. ಅಂದರೆ ಯಾರ ಪಕ್ಕ ಯಾರು ಅನ್ನುವುದು ಹಾಜರಿ ಪುಸ್ತಕದ ಚೀಟಿ! ಬಡ ಸಹಪಾಠಿಗಳ ಜೊತೆ ಬೆಳೆದ ಶ್ರೀಮಂತ ಮಕ್ಕಳು ಹೆಚ್ಚು ಉದಾರಿಗಳಾದರು. ರಿಲೇ ಓಟಕ್ಕೆ ಜೊತೆಗಾರರನ್ನು ಆರಿಸುವಾಗ ಬಡವರೆಂದು ಹಿಂದೆ ಸರಿಯುವುದು ಕಡಿಮೆಯಾಯಿತು. ಇಂಗ್ಲಿಷ್ ಅಂಕ ಸ್ವಲ್ಪ ಇಳಿಯಿತು. ಹಿಂದಿ, ಗಣಿತದಲ್ಲಿ ನಷ್ಟ ಕಾಣಲಿಲ್ಲ.

## ಹಾಗಾದರೆ ನಾವೇ ಜೋಡಿಸಿಬಿಡಬಹುದಾ?

ಇಷ್ಟೆಲ್ಲ ಓದಿದ ಮೇಲೆ ಬರುವ ಯೋಚನೆ ಇದು. ಹಿಂದುಳಿದವನನ್ನು ಜಾಣನ ಪಕ್ಕ ಕೂರಿಸಿದರೆ ಆಯಿತಲ್ವಾ? ಎಷ್ಟೋ ಮೇಷ್ಟ್ರುಗಳು ಮಾಡುವುದೂ ಅದನ್ನೇ.

ಅಮೆರಿಕದ ವಾಯುಪಡೆ ಅಕಾಡೆಮಿಯಲ್ಲಿ ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿ ನೋಡಿದರು. ಅಲ್ಲಿ ಹೊಸಬರನ್ನು ಸುಮಾರು ಮೂವತ್ತು ಮೂವತ್ತು ಜನರ ದಳಗಳಾಗಿ ಹಂಚುತ್ತಾರೆ. ಹಳೆಯ ದಾಖಲೆಗಳಲ್ಲಿ ಜಾಣರು ಜೊತೆಗಿದ್ದರೆ ದುರ್ಬಲರಿಗೆ ಲಾಭ ಎಂದು ಕಂಡಿತ್ತು. ಅದನ್ನೇ ನಂಬಿ, ಸ್ಕಾಟ್ ಕ್ಯಾರೆಲ್ ಮತ್ತು ಜೊತೆಗಾರರು ಓದಿನಲ್ಲಿ ಹಿಂದಿರುವವರನ್ನು ಬೇಕೆಂದೇ ಜಾಣರ ದಳಗಳಿಗೆ ಸೇರಿಸಿದರು. 2013ರಲ್ಲಿ ಫಲಿತಾಂಶ ಬಂತು. ಹಿಂದಿದ್ದವರು ಇನ್ನೂ ಹಿಂದೆ ಬಿದ್ದಿದ್ದರು.

ಯಾಕೆ? ಒಂದೇ ದಳದಲ್ಲಿದ್ದರೂ ಜಾಣರು ಜಾಣರ ಜೊತೆ, ಹಿಂದಿದ್ದವರು ಹಿಂದಿದ್ದವರ ಜೊತೆ ಗುಂಪಾದರು. ನಡುವಿನವರು ಇದ್ದಿದ್ದರೆ ಎರಡೂ ಕಡೆಗೆ ಸೇತುವೆ ಆಗುತ್ತಿದ್ದರೇನೋ. ಅವರನ್ನು ಬೇರೆ ದಳಗಳಲ್ಲಿ ಹಾಕಿದ್ದರು. ಪಕ್ಕದಲ್ಲಿ ಕೂರಿಸುವುದು ದೊಡ್ಡವರ ಕೈಯಲ್ಲಿದೆ. ಜೊತೆಯಾಗುವುದು ಅವರವರ ಕೈಯಲ್ಲಿದೆ.

ಅದಕ್ಕೆ ಹೊತ್ತೂ ಬೇಕು. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಹೊಸ ಊರಿಗೆ, ಹೊಸ ಕಾಲೇಜಿಗೆ ಬಂದವರನ್ನು ಕೇಳಿ ಲೆಕ್ಕ ಹಾಕಿದರು. ಪರಿಚಯ ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ ಬೇಕು. ಸ್ನೇಹ ಅನ್ನಿಸಿಕೊಳ್ಳಲು 90. ಆಪ್ತರಾಗಲು 200ಕ್ಕಿಂತ ಹೆಚ್ಚು. ತರಗತಿಯಲ್ಲೋ ಕೆಲಸದಲ್ಲೋ ಒಟ್ಟಿಗೆ ಕೂತ ಗಂಟೆಗಳಿಗೆ ಅಷ್ಟು ಬೆಲೆ ಇಲ್ಲ. ಸುಮ್ನೆ ಹರಟಿದ, ಆಡಿದ, ತಿಂದ ಗಂಟೆಗಳಿಗೆ ಇದೆ.

## ಅಕ್ಕನ ಭಾನುವಾರದ ಫೋನು

ದಸರಾ ರಜದಲ್ಲಿ ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಗೆರೆಯ ಪ್ರಯೋಗಕ್ಕೆ ಅವಳು ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಓರೆಗಾನ್ ಹುಡುಗರ ನಗುವಿನ ವಿಷಯ ಬಂದಾಗ ಮಾತ್ರ ತರಕಾರಿ ಹೆಚ್ಚುವುದನ್ನು ನಿಲ್ಲಿಸಿ, "ಇನ್ನೊಂದ್ಸಲ ಹೇಳು" ಅಂದಳು.

ಅಲ್ಲಿಯವರೆಗೆ ಭಾನುವಾರ ಫೋನು ಮಾಡಿದಾಗೆಲ್ಲ "ಯಾರ ಜೊತೆ ಓಡಾಡ್ತಿದೀಯ?" ಅಂತ ಕೇಳುತ್ತಿದ್ದಳು. ಅವನು "ಯಾರೂ ಇಲ್ಲಮ್ಮ" ಅಂದು ಮಾತು ಮುಗಿಸುತ್ತಿದ್ದ. ಈಗ "ಈ ವಾರ ರೂಮಲ್ಲಿ ಜೋರಾಗಿ ನಕ್ಕಿದ್ದು ಯಾವುದಕ್ಕೋ?" ಅಂತ ಕೇಳುತ್ತಾಳೆ. ಕಳೆದ ಸಲ ನಾನೂ ಪಕ್ಕದಲ್ಲಿದ್ದೆ. ಸ್ಪೀಕರ್ ಹಾಕಿದ್ದಳು. ಮೂರನೇ ಮಂಚದ ಹುಡುಗ ರಾತ್ರಿ ನಿದ್ದೆಯಲ್ಲಿ ಎದ್ದು ಕೂತು, ಜೋರಾಗಿ "ಪ್ರೆಸೆಂಟ್ ಸಾರ್" ಅಂದು ಮತ್ತೆ ಮಲಗಿದನಂತೆ. ಹೇಳುವಾಗಲೇ ಅಳಿಯನಿಗೆ ನಗು ತಡೆಯಲಾಗುತ್ತಿರಲಿಲ್ಲ. ಹಿಂದಿನಿಂದ ವಿಜಯಪುರದ ದನಿಯೊಂದು ಕೂಗಿತು: "ಚಕ್ಲಿ ಯಾವಾಗ ಕಳಸ್ತೀರಿ ಅಂತ ಕೇಳಲೇ!"